ಮುಂದಿನ ಬೆಂಚಿನ ಭಕ್ತ

ವೆಂಡೆಲ್ ಗ್ರಬ್ ಯಾರನ್ನೂ ನಂಬುತ್ತಿರಲಿಲ್ಲ. ಇದು ಅವನ ದೋಷವೆಂದು ಬಕ್ಲಿನ್ ಫೋರ್ಡಿನ ಜನ ಹೇಳುತ್ತಿದ್ದರು. ಅವನು ಮಾತ್ರ ಅದನ್ನು ಅನುಭವ ಎಂದು ಕರೆಯುತ್ತಿದ್ದ. ಹಾಲಿನ ಡಬ್ಬದ ಮೇಲಿನ ತಾರೀಖನ್ನು ಅಂಗಡಿಯವರು ತಮಗೆ ಬೇಕಾದಂತೆ ತಿದ್ದುತ್ತಾರೆಂದೂ, ಟೀವಿಯಲ್ಲಿ ಹವಾಮಾನ ಹೇಳುವವನಿಗೂ ಕೊಡೆ ಮಾರುವವರಿಗೂ ಒಳಒಪ್ಪಂದವಿದೆಯೆಂದೂ ಅವನಿಗೆ ಖಾತ್ರಿಯಿತ್ತು. ಓಹಾಯೋದ ಆ ಪುಟ್ಟ ಊರಿನಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುತ್ತ ಆಯುಷ್ಯ ಸವೆಸಿದ ಮನುಷ್ಯ. ಯಂತ್ರ ತಂದವರು "ತಾನಾಗೇ ಕೆಟ್ಟುಹೋಯ್ತು" ಎಂದಾಗಲೆಲ್ಲ ಅದರ ಹೊಟ್ಟೆಯಿಂದ ಕಲ್ಲು, ಚಮಚ, ಒಮ್ಮೆಯಂತೂ ಯಾರದೋ ಕಟ್ಟಿಸಿದ ಹಲ್ಲು ತೆಗೆದು ತೋರಿಸಿದವನು. ಇಂಥವನಿಗೆ ಜನರ ಮಾತಿನ ಮೇಲೆ ನಂಬಿಕೆ ಉಳಿಯುವುದಾದರೂ ಹೇಗೆ?

ಹೀಗೆ ಇಡೀ ಲೋಕವನ್ನು ಅನುಮಾನಿಸುತ್ತಿದ್ದ ವೆಂಡೆಲ್ ತನ್ನ ಬಾಯಿಯೊಂದನ್ನು ಅನುಮಾನಿಸಲು ಮರೆತಿದ್ದ. ದೊಡ್ಡ ಮನುಷ್ಯರ ಎದುರು ನಿಂತರೆ ಸಾಕು, ಅದು ಯಜಮಾನನನ್ನು ಕೇಳದೆ ಸುಳ್ಳು ಹೇಳಿಬಿಡುತ್ತಿತ್ತು.

ಸೆಪ್ಟೆಂಬರಿನ ಒಂದು ಸಂಜೆ ಕನೆಕ್ಟಿಕಟ್ಟಿನಿಂದ ಸಿಬಿಲ್ ಲ್ಯಾಥ್ರಪ್ ಎಂಬ ಹೆಂಗಸಿನ ಫೋನು ಬಂತು. ವೆಂಡೆಲನ ಒಬ್ಬಳೇ ಮಗಳು ಕೋರಾ ಮದುವೆಯಾಗಲು ಒಪ್ಪಿದ್ದ ಪ್ರೆಸ್ಟನ್ ಎಂಬ ಹುಡುಗನ ತಾಯಿ. ಅಂದರೆ ಬೀಗಿತ್ತಿ. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ದನಿ.

"ಕೋರಾ ಹೇಳಿರ್ಬೇಕು ನಿಮ್ಗೆ. ನಾವು ಎಪಿಸ್ಕೋಪಲ್ ಚರ್ಚಿನವರು. ತಲೆತಲಾಂತರದಿಂದ."

"ಅಯ್ಯೋ, ನಾವೂ ಅದೇ ಅಲ್ವೇ!"

ಹೇಳಿದ್ದು ವೆಂಡೆಲನ ಬಾಯಿ. ವೆಂಡೆಲನಿಗೆ ವಿಷಯ ಆಮೇಲೆ ತಿಳಿಯಿತು.

"ಓ, ಎಷ್ಟು ಸಂತೋಷ! ಯಾವ ಚರ್ಚು?"

ವೆಂಡೆಲ್ ಕಿಟಕಿಯಾಚೆ ನೋಡಿದ. ಬ್ಯಾಂಕಿನ ಎದುರಿಗೆ ಕೆಂಪು ಬಾಗಿಲಿನ ಸಣ್ಣ ಕಲ್ಲಿನ ಚರ್ಚೊಂದಿತ್ತು. ಅಷ್ಟು ವರ್ಷ ಅದರ ಮುಂದೆಯೇ ಓಡಾಡಿದ್ದ. ಬಾಗಿಲಿಗೆ ಕೆಂಪು ಬಣ್ಣ ಬಳಿದಿರುವುದು ಏನನ್ನೋ ಮುಚ್ಚಿಡಲು ಎಂದಷ್ಟೇ ಅಂದುಕೊಂಡಿದ್ದ.

"ಸೇಂಟ್ ಬಾರ್ತಲೋಮ್ಯೂ," ಎಂದ, ಫಲಕ ಓದುತ್ತ.

"ಹಾಗಾದ್ರೆ ಅಕ್ಟೋಬರಿನಲ್ಲಿ ನಿಮ್ಮನ್ನ ನೋಡೋಕೆ ಬಂದಾಗ ಭಾನುವಾರ ನಿಮ್ಮ ಜೊತೆಗೇ ಬರ್ತೀವಿ. ನೀವು ಸಾಮಾನ್ಯವಾಗಿ ಎಲ್ಲಿ ಕೂರೋದು?"

"ಮುಂದೆ. ಎಲ್ಲಕ್ಕಿಂತ ಮುಂದಿನ ಬೆಂಚು. ಅದನ್ನ ನನಗೇ ಅಂತ ಬಿಟ್ಟಿರ್ತಾರೆ."

ಫೋನಿಟ್ಟು ಉಸಿರು ಬಿಡುವಷ್ಟರಲ್ಲಿ ಕೋರಾಳ ಫೋನು.

"ಅಪ್ಪಾ, ಏನು ಹೇಳಿದ್ಯಪ್ಪ ಅವರಿಗೆ?"

"ಏನಿಲ್ವೆ. ಚರ್ಚಿನ ವಿಷಯ."

"ನೀನು ಯಾವ ಚರ್ಚಿಗೆ ಹೋಗಿದೀಯ? ಹಿಂದೆ ನಾನು ಡ್ವೈಟ್‌ನ ಮದುವೆ ಆಗ್ಬೇಕು ಅಂತಿದ್ದಾಗ ಅವನ ಅಪ್ಪನ ಹತ್ರ ನೌಕಾಪಡೇಲಿದ್ದೆ ಅಂದೆ. ಆತ ಖುಷಿಯಾಗಿ ತನ್ನ ದೋಣಿ ಹತ್ತಿಸಿದ. ದೋಣಿ ಇನ್ನೂ ದಡಕ್ಕೆ ಕಟ್ಟಿತ್ತು ಅಪ್ಪಾ, ಆಗ್ಲೇ ವಾಂತಿ ಮಾಡ್ಕೊಂಡೆ."

"ಅವತ್ತು ಮೀನು ಸರಿಯಿರ್ಲಿಲ್ಲ."

"ಕೇಳು. ಇದೂ ಸುಳ್ಳು ಅಂತಾದ್ರೆ ನಾನೂ ಪ್ರೆಸ್ಟನ್ನೂ ಕೋರ್ಟಿನಲ್ಲಿ ರುಜು ಹಾಕಿ ಮದುವೆ ಆಗ್ತೀವಿ. ನಿನಗೆ ಫೋಟೋ ಕಳಿಸ್ತೀನಿ. ಅಷ್ಟೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. ವೆಂಡೆಲನಿಗೆ ಸಿಟ್ಟಾದರೆ ಅಭ್ಯಾಸವಿತ್ತು. ಇದು ಹೊಸದು.

"ಸುಳ್ಳಲ್ಲ ಕಣೆ ಮಗಳೇ," ಎಂದ.

ಸುಳ್ಳಾಗಬಾರದೆಂದರೆ ಇನ್ನು ಅದನ್ನು ನಿಜ ಮಾಡುವುದೊಂದೇ ದಾರಿ.

ಪಕ್ಕದ ಮನೆಯ ಹಾರ್ಲನ್ ಕೆಸ್ಲರ್ ಎಲ್ಲ ವಿಷಯಗಳಲ್ಲೂ ತಿಳಿದವನು. ಯಾವುದನ್ನೂ ಕಣ್ಣಾರೆ ನೋಡಿದವನಲ್ಲ. ಊರಿನ ಹೋಟೆಲಿನಲ್ಲಿ ಚೆರಿ ಕಡುಬಿನ ತುಂಡೊಂದನ್ನು ವೆಂಡೆಲನ ಖರ್ಚಿನಲ್ಲಿ ಮುಗಿಸಿ, ಎರಡನೆಯದಕ್ಕೆ ಕೈ ಹಾಕುತ್ತ ಅವನು ದನಿ ತಗ್ಗಿಸಿದ.

"ಎಪಿಸ್ಕೋಪಲ್ಲಾ? ಹುಷಾರಾಗಿರಯ್ಯ. ಅಲ್ಲಿ ಒಂದು ಗಳಿಗೆ ಕೂರೋಕೆ ಬಿಡಲ್ಲ. ಏಳು ಅಂತಾರೆ, ಕೂರು ಅಂತಾರೆ, ಮಂಡಿ ಊರು ಅಂತಾರೆ."

"ಯಾಕೆ?"

"ಜನಾನ ಸುಸ್ತು ಮಾಡೋಕೆ. ಸುಸ್ತಾದವನು ಪ್ರಶ್ನೆ ಕೇಳ್ತಾನಾ? ಆಮೇಲೆ ಮಧ್ಯದಲ್ಲಿ ಇದ್ದಕ್ಕಿದ್ದಂಗೆ ಎಲ್ಲರೂ ಎದ್ದು ಮೈಮೇಲೆ ಬರ್ತಾರೆ. ಕೈ ಕುಲುಕೋ ನೆವ. ಅಷ್ಟೊಂದು ಕೈ ಒಟ್ಟಿಗೆ ಬಂದಾಗ ನಿನ್ನ ಪರ್ಸು ಎಲ್ಲಿರತ್ತೆ, ನೀನೇ ಲೆಕ್ಕ ಹಾಕು."

ವೆಂಡೆಲ್ ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡ.

"ಕೊನೇಲಿ ವೈನು. ಒಂದೇ ಲೋಟ, ಊರಿಗೆಲ್ಲ."

"ಎಲ್ಲರ ಎಂಜಲೂ?"

"ಅದನ್ನ ಬೆಳ್ಳಿ ಲೋಟದಲ್ಲಿ ಕೊಡ್ತಾರೆ, ಯಾರೂ ಮಾತಾಡಬಾರ್ದು ಅಂತ," ಎಂದು ಹಾರ್ಲನ್ ಕಡುಬಿನ ಕೊನೆಯ ತುಣುಕನ್ನು ಬಾಯಿಗೆ ಹಾಕಿಕೊಂಡ.

ಬೀಗರು ಬರುವ ಭಾನುವಾರಕ್ಕೆ ಒಂದು ವಾರ ಮೊದಲು ವೆಂಡೆಲ್ ಗುಟ್ಟಾಗಿ ನೋಡಿಕೊಂಡು ಬರಲು ಹೊರಟ. ಯಾರೂ ಗುರುತು ಹಿಡಿಯಬಾರದೆಂದು ಟೋಪಿ ಕೆಳಗೆಳೆದು, ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಇದರಿಂದಾಗಿ ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕೆಂಪು ಬಾಗಿಲಲ್ಲಿ ಸ್ವಾಗತಕ್ಕೆ ನಿಂತಿದ್ದವಳು ಎಡ್ನಾ ಪ್ರೌಟಿ. ಎತ್ತರದಲ್ಲಿ ಗಿಡ್ಡ, ವಯಸ್ಸಿನಲ್ಲಿ ಹಿರಿಯಳು. ಆಯುಷ್ಯವಿಡೀ ಶಾಲೆಯ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆಯುತ್ತಾರೆಂಬುದನ್ನು ಕನ್ನಡಿಯಲ್ಲೇ ಕಂಡುಹಿಡಿದು ಪಳಗಿದ ಕಣ್ಣು. ಹೋದ ತಿಂಗಳು ಪಕ್ಕದೂರಿನ ಚರ್ಚಿನಿಂದ ಹಿತ್ತಾಳೆಯ ದೀಪದ ಕಂಬಗಳು ಕಳುವಾದಂದಿನಿಂದ ಆ ಕಣ್ಣು ಇನ್ನಷ್ಟು ಚೂಪಾಗಿತ್ತು.

"ಸ್ವಾಗತ," ಎಂದು ಆರಾಧನೆಯ ಕ್ರಮ ಅಚ್ಚಾಗಿದ್ದ ಕಾಗದ ಕೊಟ್ಟಳು. "ಮೊದಲನೇ ಸಲ ಬರ್ತಿರೋದಾ?"

"ಅಲ್ಲ. ತುಂಬ ಸಲ ಬಂದಿದೀನಿ."

"ನಾನು ನೋಡೇ ಇಲ್ವಲ್ಲ."

"ನೀವಿಲ್ಲದಾಗ ಬಂದಿದ್ದೆ."

"ನಾನಿಲ್ಲದೆ ಈ ಬಾಗಿಲು ತೆಗೆದಿದ್ದೇ ಇಲ್ಲ," ಎಂದಳು ಎಡ್ನಾ. ಬೀಗದಕೈ ಅವಳ ಕೊರಳಲ್ಲೇ ನೇತಾಡುತ್ತಿತ್ತು.

ವೆಂಡೆಲ್ ಸರಸರನೆ ಒಳಗೆ ಹೋಗಿ ಎಲ್ಲಕ್ಕಿಂತ ಹಿಂದೆ, ಕಂಬದ ಮರೆಯಲ್ಲಿ ಕುಳಿತ. ಮುಂದೆ ಎರಡು ಪುಸ್ತಕಗಳಿದ್ದವು, ಒಂದು ಕೆಂಪು, ಒಂದು ನೀಲಿ. ಪ್ರಾರ್ಥನೆಗೆ ಒಂದು, ಹಾಡಿಗೆ ಒಂದು. ಒಂದೇ ದೇವರಿಗೆ ಎರಡು ಪುಸ್ತಕ ಯಾಕೆ ಬೇಕು ಎಂದು ಅವನಿಗೆ ಆಗಲೇ ಗುಮಾನಿ ಬಂತು. ಕಾಲಿನ ಹತ್ತಿರ ಮೆತ್ತೆ ಹಾಕಿದ ಹಲಗೆಯೊಂದಿತ್ತು. ಕಾಲಿಡಲು ಮಾಡಿದ್ದಾರೆ, ಪರವಾಗಿಲ್ಲವೇ ಎಂದು ಬೂಟುಗಾಲನ್ನು ಅದರ ಮೇಲೆ ಇಟ್ಟ. ಪಕ್ಕದ ಅಜ್ಜಿ ಕೆಮ್ಮಿದಳು. ಅವನು ಗಾಬರಿಯಿಂದ ಕಾಲು ತೆಗೆದು ಹಲಗೆಯನ್ನು ಮೇಲೆತ್ತಲು ಹೋದ. ಅದು ಕೈ ಜಾರಿ ಬಿದ್ದು ಬಂದೂಕು ಹಾರಿಸಿದಂತೆ ಸದ್ದಾಯಿತು. ಅದು ಮಂಡಿ ಊರುವ ಹಲಗೆ ಎಂಬುದು ಎಲ್ಲರೂ ಮಂಡಿ ಊರಿದಾಗಲೇ ತಿಳಿದದ್ದು.

ವಾದ್ಯ ಮೊಳಗಿತು. ಉದ್ದನೆಯ ಕಂಬದ ಮೇಲೆ ಶಿಲುಬೆ ಹಿಡಿದು, ಬಿಳಿಯ ನಿಲುವಂಗಿಯವರ ಮೆರವಣಿಗೆ ನಡುವಿನ ದಾರಿಯಲ್ಲಿ ಬಂತು. ಶಿಲುಬೆ ಹಾದುಹೋಗುವಾಗ ಜನ ತಲೆ ಬಾಗಿಸಿದರು. ಯಾರದೋ ಏನೋ ಬಿದ್ದಿರಬೇಕೆಂದು ವೆಂಡೆಲನೂ ನೆಲ ಹುಡುಕಿದ. ಕೊನೆಯಲ್ಲಿ ನಡೆದು ಬಂದ ಪಾದ್ರಿ ಹೆಂಗಸು!

"ಅದ್ಯಾರು?" ಎಂದು ಅಜ್ಜಿಯನ್ನು ಕೇಳಿದ.

"ಮದರ್ ಲೂಸಿಂಡಾ."

"ಯಾರ ತಾಯಿ?"

ಅಜ್ಜಿ ತುಸು ಆಚೆ ಸರಿದು ಕುಳಿತಳು.

ಮುಂದಿನದೆಲ್ಲ ಹಾರ್ಲನ್ ಹೇಳಿದಂತೆಯೇ ನಡೆಯತೊಡಗಿತು. ಹಾಡಿಗೆ ಎದ್ದರು, ಓದಿಗೆ ಕೂತರು, ಇನ್ನೊಂದು ಓದಿಗೆ ಎದ್ದರು. ಉಪದೇಶಕ್ಕೆ ಕೂತರು, ನಂಬಿಕೆಯ ಮಾತು ಹೇಳಲು ಎದ್ದರು, ತಪ್ಪೊಪ್ಪಿಗೆಗೆ ಮಂಡಿ ಊರಿದರು. ವೆಂಡೆಲ್ ಎಲ್ಲದರಲ್ಲೂ ಒಂದು ಹೆಜ್ಜೆ ಹಿಂದೆ. ಜನ ಕೂತಾಗ ಅವನೊಬ್ಬ ಕಂಬದ ಪಕ್ಕ ಇನ್ನೊಂದು ಕಂಬ. ಜನ ಎದ್ದಾಗ ಅವನು ಮಾಯ. ಬಾಗಿಲ ಬಳಿಯಿಂದ ಎಡ್ನಾ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಇನ್ನು ಕೈ ಕುಲುಕುವ ಹೊತ್ತು ಬಂದಿತೆಂದು ವೆಂಡೆಲನಿಗೆ ಮನಸ್ಸು ಹೇಳಿತು. ಬಗ್ಗಿ ಬೂಟು ಕಳಚಿ, ಪರ್ಸನ್ನು ಕಾಲುಚೀಲದೊಳಗೆ ತುರುಕತೊಡಗಿದ. ಸರಿಯಾಗಿ ಆಗಲೇ ಮದರ್ ಲೂಸಿಂಡಾ "ಪ್ರಭುವಿನ ಶಾಂತಿ ಸದಾ ನಿಮ್ಮೊಂದಿಗಿರಲಿ" ಎಂದರು. ತಲೆಯೆತ್ತಿದರೆ ನಾಲ್ಕೂ ಕಡೆಯಿಂದ ಕೈಗಳು!

"ಶಾಂತಿ ನಿಮ್ಮೊಂದಿಗಿರ್ಲಿ!" "ಶಾಂತಿ!" "ಶಾಂತಿ ಕಣಪ್ಪ!"

"ಏನೂ ಇಲ್ಲ ನನ್ನ ಹತ್ರ!" ಎಂದು ಕೂಗಿದ ವೆಂಡೆಲ್, ಒಂದು ಕೈಯಲ್ಲಿ ಬೂಟು ಹಿಡಿದು.

ಹಾಗೇ ಕುಂಟುತ್ತ ಪಕ್ಕದ ಓಣಿ ಹಿಡಿದು, ಕಂಡ ಮೊದಲ ಬಾಗಿಲು ತೆರೆದು ಒಳನುಗ್ಗಿದ. ಅದು ಬೀದಿಗೆ ಹೋಗುವ ಬಾಗಿಲಾಗಿರಲಿಲ್ಲ. ಆರಾಧನೆಯ ಸಾಮಾನು ಇಡುವ ಕೋಣೆ. ಎದುರಿಗೆ ಬೀರು, ಬೀರುವಿನ ತುಂಬ ಫಳಫಳ ಹೊಳೆಯುವ ಬೆಳ್ಳಿ.

"ಏನು ಹುಡುಕ್ತಿದೀರಾ?" ಬೆನ್ನ ಹಿಂದೆ ಎಡ್ನಾಳ ದನಿ.

"ಕಕ್ಕಸು."

"ಕಪಾಟಿನೊಳಗಾ?"

ಉತ್ತರ ಕೊಡುವುದಕ್ಕಿಂತ ಓಡುವುದು ಸುಲಭವಾಗಿ ಕಂಡಿತು. ಓಡಿದ. ಹಾಗೆ ಓಡಿದ್ದರಿಂದ ಕೊನೆಯಲ್ಲಿ ಮದರ್ ಲೂಸಿಂಡಾ ಮುಂದಿನ ಭಾನುವಾರದ ವಿಶೇಷವನ್ನು ಪ್ರಕಟಿಸಿದ್ದು ಅವನ ಕಿವಿಗೆ ಬೀಳಲಿಲ್ಲ.

ಆ ವಾರ ಊರಿನಲ್ಲಿ ಎರಡು ಅನುಮಾನಗಳು ಒಂದಕ್ಕೊಂದು ಎದುರಾಗಿ ನಡೆದಾಡಿದವು. ಎಡ್ನಾ ತನ್ನ ಸೋದರಳಿಯ ಗಸ್ ಎಂಬ ಪೊಲೀಸಿನವನನ್ನು ಕರೆಸಿದಳು. "ಕಪ್ಪು ಕನ್ನಡಕ ಕಣೋ. ಕಾಲುಚೀಲದೊಳಗೆ ಏನೋ ಬಚ್ಚಿಡ್ತಿದ್ದ. ಸೀದಾ ಬೆಳ್ಳಿ ಬೀರು ಮುಂದೆ ನಿಂತಿದ್ದ. ಇನ್ನೇನು ಬೇಕು ನಿಂಗೆ?" ಗಸ್ ಭಾನುವಾರ ಸಾದಾ ಬಟ್ಟೆಯಲ್ಲಿ ಬರುವುದೆಂದು ನಿಶ್ಚಯವಾಯಿತು. ಮದರ್ ಲೂಸಿಂಡಾ ಮಾತ್ರ "ಹೊಸಬ ಪಾಪ, ಹೆದರಿದಾನೆ" ಎಂದು, ಹೊಸಬರಿಗೆ ಕೊಡುವ ವಾಡಿಕೆಯಂತೆ ಮನೆಯಲ್ಲಿ ಸುಟ್ಟ ರೊಟ್ಟಿಯೊಂದನ್ನು ಹಿಡಿದು, ಬೀದಿಯಲ್ಲಿ ಅವನನ್ನು ತಿರುಗಿ ನೋಡಿದವರಿಂದ ಹೆಸರು, ಮನೆ ಕೇಳಿಕೊಂಡು, ವೆಂಡೆಲನ ಬಾಗಿಲಿಗೆ ಬಂದರು. ಎಡ್ನಾ ಕಾರಿನಲ್ಲೇ ಕುಳಿತು ಕಿಟಕಿಗಳ ಮೇಲೆ ಕಣ್ಣಿಟ್ಟಳು.

ಪಾದ್ರಿಯ ಬಿಳಿ ಕಾಲರು ಕಂಡದ್ದೇ ವೆಂಡೆಲ್ ಅಡಿಗೆಮನೆಯ ಮೇಜಿನ ಕೆಳಗೆ ಸೇರಿದ. ಬೀರುವಿನ ವಿಚಾರಣೆಗೇ ಬಂದಿದ್ದಾರೆ! ಮದರ್ ಲೂಸಿಂಡಾ ಕಾಗದ ಹಾಕುವ ಸಂದಿಗೆ ಬಾಯಿಟ್ಟು ಕರೆದರು.

"ಗ್ರಬ್ ಅವರೇ, ಒಳಗಿದ್ರೆ ಕೇಳಿ. ಬರೋ ಭಾನುವಾರ..."

ಅಷ್ಟರಲ್ಲಿ ಹಾರ್ಲನ್ ಆಚೆ ಮನೆಯಲ್ಲಿ ಹುಲ್ಲಿನ ಯಂತ್ರ ಶುರುಮಾಡಿದ. ಗದ್ದಲದ ನಡುವೆ ವೆಂಡೆಲನ ಕಿವಿಗೆ ಬಿದ್ದದ್ದು ಮಾತಿನ ಬಾಲದ ತುಂಡೊಂದು: "...ಎಲ್ಲರನ್ನೂ ಕರ್ಕೊಂಡು ಬನ್ನಿ. ಎಷ್ಟು ಕಾಲಿದ್ರೂ ಪರ್ವಾಗಿಲ್ಲ!"

ಎಷ್ಟು ಕಾಲಿದ್ದರೂ? ವೆಂಡೆಲ್ ಮೇಜಿನ ಕೆಳಗೇ ತನ್ನ ಕಾಲುಗಳನ್ನು ನೋಡಿಕೊಂಡ. ಎರಡಿದ್ದವು. ಇದು ಬೆದರಿಕೆಯೇ? ಅಥವಾ ಮಂಡಿ ಊರಲಾಗದವರಿಗೆ ರಿಯಾಯಿತಿಯೇ? ಬಾಗಿಲಲ್ಲಿ ಇಟ್ಟುಹೋದ ರೊಟ್ಟಿಯಲ್ಲಿ ಏನು ಬೆರೆಸಿದ್ದಾರೋ ಎಂದು ಅದನ್ನು ಹಾರ್ಲನನಿಗೆ ಕೊಟ್ಟು ಸಂಜೆಯವರೆಗೆ ಕಾದ. ಹಾರ್ಲನ್ ಸಾಯಲಿಲ್ಲ. ಇನ್ನೊಂದಿದೆಯೇ ಎಂದು ಕೇಳಿದ.

ಶನಿವಾರ ಬೀಗರು ಬಂದರು. ಸಿಬಿಲ್ ಫೋನಿನಲ್ಲಿದ್ದಷ್ಟೇ ನುಣುಪು; ಅವಳ ಗಂಡ ಆಲ್ಡನ್ ಉದ್ದಕ್ಕೆ, ಬೆಳ್ಳಗೆ, ಊರುಗೋಲಿಗೆ ಕೋಟು ತೊಡಿಸಿದ ಹಾಗೆ. ಪ್ರೆಸ್ಟನ್ ಸಾಧು ಹುಡುಗ. ಮಾತಿಗಿಂತ ಹೆಚ್ಚಾಗಿ ಸೀನುತ್ತಿದ್ದ. ಕೋರಾ ಅಪ್ಪನನ್ನು ಒಮ್ಮೆ ನೆಟ್ಟ ನೋಟದಿಂದ ನೋಡಿದಳು. ಅಪ್ಪ ಛಾವಣಿಯನ್ನು ನೋಡಿದ.

ಭಾನುವಾರ ಬೆಳಿಗ್ಗೆ ಐವರೂ ಕೆಂಪು ಬಾಗಿಲಿಗೆ ಬಂದಾಗ ಎಡ್ನಾ ನಕ್ಕಳು. ಬಸ್ಸಿನಲ್ಲಿ ತಪ್ಪಿತಸ್ಥ ತಾನಾಗಿ ಮುಂದಿನ ಸೀಟಿಗೆ ಬಂದು ಕೂತಾಗ ನಗುತ್ತಿದ್ದ ನಗು ಅದು. "ಇವತ್ತು ಗುಂಪು ಕಟ್ಕೊಂಡೇ ಬಂದಿದೀರಾ," ಎಂದಳು.

"ನೋಡಿ, ಎಷ್ಟು ಸಲಿಗೆ," ಎಂದ ವೆಂಡೆಲ್ ಬೀಗಿತ್ತಿಗೆ.

ಒಳಗೆ ಕಾಲಿಟ್ಟವನೇ ನಿಂತುಬಿಟ್ಟ. ಚರ್ಚಿನ ತುಂಬ ಪ್ರಾಣಿಗಳು! ಬೆಂಚುಗಳಲ್ಲಿ ನಾಯಿಗಳು, ಮಡಿಲುಗಳಲ್ಲಿ ಬೆಕ್ಕುಗಳು. ಹೋದ ವಾರದ ಅಜ್ಜಿಯ ಹೆಗಲ ಮೇಲೆ ಗಿಳಿ. ನಡುದಾರಿಯಲ್ಲಿ ಕೊರಳಿಗೆ ನೀಲಿ ಪಟ್ಟಿ ಕಟ್ಟಿದ ಮೇಕೆಯೊಂದು ಹಿರಿಯ ಸದಸ್ಯನಂತೆ ನಿಂತಿತ್ತು. ಸಂತ ಫ್ರಾನ್ಸಿಸನ ಹಬ್ಬದ ಭಾನುವಾರ ಪ್ರಾಣಿಗಳನ್ನು ಹರಸುವುದು ಆ ಚರ್ಚಿನ ವಾಡಿಕೆ. ವೆಂಡೆಲನಿಗೆ ಇದು ತಿಳಿದಿರಲಿಲ್ಲ. ತಿಳಿಯದ್ದನ್ನು ತೋರಿಸಿಕೊಳ್ಳುವ ಹಾಗೂ ಇರಲಿಲ್ಲ.

"ಇದು... ಪ್ರತಿ ಭಾನುವಾರ ಹೀಗೇನಾ?" ಸಿಬಿಲ್ ಮೆಲ್ಲಗೆ ಕೇಳಿದಳು.

"ಹೂಂ. ಮೊದಲಿಂದ್ಲೂ ಹೀಗೇ," ಎಂದ ವೆಂಡೆಲ್.

ಆಲ್ಡನ್ ಗಂಟಲು ಸರಿಮಾಡಿಕೊಂಡ. "ನಮ್ಮ ಕಡೇನೂ ಹಾಗೇ. ಪ್ರತಿ ವಾರ. ನಮ್ಮಲ್ಲಿ ಮೇಕೆಗಳು ಇನ್ನೂ ದೊಡ್ಡವು."

ವೆಂಡೆಲನ ಕಿವಿ ನಿಮಿರಿತು. ತಾನು ಹೇಳಿದ್ದು ಶುದ್ಧ ಸುಳ್ಳು. ಸುಳ್ಳನ್ನು ಒಪ್ಪಿಕೊಂಡು, ಮೇಲೆ ಮೇಕೆಯನ್ನೂ ಬೆಳೆಸಿದ ಈ ಮನುಷ್ಯ ಎಂಥವನು? ಹುಲ್ಲಿನ ಯಂತ್ರಗಳ ವಿಷಯ ಬಿಟ್ಟರೆ, ಆಯುಷ್ಯದಲ್ಲಿ ಮೊದಲ ಬಾರಿಗೆ ಅವನ ಅನುಮಾನ ಸರಿಯಾದ ಕಡೆ ತಿರುಗಿತ್ತು.

ಆದರೆ ಯೋಚಿಸಲು ಪುರಸೊತ್ತೆಲ್ಲಿ? ಮುಂದಿನ ಬೆಂಚಿನಲ್ಲಿ ಕುಳಿತ ಮೇಲೆಯೇ ಅವನಿಗೆ ತನ್ನ ಜಂಬದ ಪೂರ್ತಿ ಬೆಲೆ ತಿಳಿದದ್ದು. ಮುಂದಿನ ಬೆಂಚಿನ ಮುಂದೆ ಯಾರೂ ಇರುವುದಿಲ್ಲ! ಯಾರು ಎದ್ದರು, ಯಾರು ಕೂತರು ಎಂದು ನೋಡಿ ಹಾಗೇ ಮಾಡೋಣವೆಂದರೆ ಎದುರಿಗೆ ಗೋಡೆ, ಮೇಣದಬತ್ತಿ, ದೇವರು. ಸರಿ, ತಲೆತಲಾಂತರದ ಬೀಗರಿದ್ದಾರಲ್ಲ ಎಂದು ವೆಂಡೆಲ್ ಓರೆಗಣ್ಣಿನಿಂದ ಎಡಕ್ಕೆ ನೋಡಿದ. ಆಲ್ಡನ್ ಓರೆಗಣ್ಣಿನಿಂದ ಬಲಕ್ಕೆ ನೋಡುತ್ತಿದ್ದ. ಇಬ್ಬರ ನೋಟ ಡಿಕ್ಕಿ ಹೊಡೆಯಿತು. ಇಬ್ಬರೂ ಭಕ್ತಿಯಿಂದ ಮುಗುಳ್ನಕ್ಕರು.

ಹಾಡು, ಓದು ಹೇಗೋ ಕಳೆದವು; ಬೆನ್ನ ಹಿಂದೆ ಬಟ್ಟೆ ಸರಬರ ಎಂದರೆ ಏಳುವುದು, ಬೆಂಚು ಕಿರ್ ಎಂದರೆ ಕೂರುವುದು. ಮದರ್ ಲೂಸಿಂಡಾ ಉಪದೇಶ ಶುರುಮಾಡಿದರು. ಎಲ್ಲರೂ ನೆಮ್ಮದಿಯಾಗಿ ಕೂತಿದ್ದಾಗ ಹಿಂದಿನ ಬೆಂಚಿನ ಬೆಕ್ಕೊಂದು ಪ್ರೆಸ್ಟನ್ನನ ಕತ್ತಿನ ಬಳಿ ಬಾಲ ಆಡಿಸಿತು. ಪ್ರೆಸ್ಟನ್ ಇಡೀ ಬೆಂಚು ನಡುಗುವಂತೆ ಸೀನಿದ. ಬೆಚ್ಚಿಬಿದ್ದ ಆಲ್ಡನ್ ಎದ್ದು ನಿಂತ. ಅವನು ಎದ್ದದ್ದು ನೋಡಿ ವೆಂಡೆಲ್ ಎದ್ದ. ಇಬ್ಬರೂ ಎದ್ದ ಮೇಲೆ ಸಿಬಿಲ್ ಎದ್ದಳು. ಮುಂದಿನ ಬೆಂಚು ಎದ್ದಿತೆಂದರೆ ಏಳುವ ಹೊತ್ತೇ ಇರಬೇಕೆಂದು ಎರಡನೆಯ ಬೆಂಚು ಎದ್ದಿತು, ಮೂರನೆಯದೂ ಎದ್ದಿತು. ನೋಡನೋಡುತ್ತ ಇಡೀ ಚರ್ಚು ನಾಯಿ, ಬೆಕ್ಕು, ಗಿಳಿ ಸಮೇತ ಎದ್ದು ನಿಂತಿತ್ತು.

ಮದರ್ ಲೂಸಿಂಡಾ ಅರ್ಧ ವಾಕ್ಯದಲ್ಲಿ ನಿಂತರು. "ನಾನಿನ್ನೂ ಮುಗಿಸಿಲ್ಲ," ಎಂದರು ಮೆಲ್ಲಗೆ. "ಅಷ್ಟು ಉದ್ದ ಆಯ್ತಾ?"

ಎಲ್ಲರೂ ಕೂತರು. ಈ ಗಲಿಬಿಲಿಯಲ್ಲಿ ವೆಂಡೆಲನ ಮಡಿಲಲ್ಲಿದ್ದ ಕಾಗದ ಕೆಳಗೆ ಬಿದ್ದಿತ್ತು. ಬಗ್ಗಿ ನೋಡಿದರೆ ಮೇಕೆ ಅದನ್ನು ಶಾಂತವಾಗಿ ಮೆಲ್ಲುತ್ತಿತ್ತು. ಅವನ ಕಾಗದ ಮುಗಿಸಿ ಸಿಬಿಲ್‌ಳದಕ್ಕೆ, ಆಮೇಲೆ ಆಲ್ಡನ್ನನದಕ್ಕೆ ಬಾಯಿ ಹಾಕಿತು. ಆಲ್ಡನ್ ಎರಡೂ ಕೈಯಿಂದ ಎಳೆದ. ಅವನಿಗೆ ಸಿಕ್ಕಿದ್ದು ಅಂಚಿನ ಒಂದು ಚೂರು. ಅದರಲ್ಲಿ "ಎಲ್ಲರೂ" ಎಂಬ ಒಂದೇ ಪದ ಉಳಿದಿತ್ತು. ಎಲ್ಲರೂ ಏನು ಮಾಡಬೇಕೆಂಬುದು ಮೇಕೆಯ ಹೊಟ್ಟೆ ಸೇರಿತ್ತು.

ಶಾಂತಿಯ ಹೊತ್ತಿನಲ್ಲಿ ಹಿಂದಿನಿಂದ ದಪ್ಪನೆಯ ಕೈಯೊಂದು ಬಂದು ವೆಂಡೆಲನ ಕೈ ಹಿಡಿಯಿತು. ಗಸ್. ಪಕ್ಕದಲ್ಲಿ ಕರುವಿನಷ್ಟು ದೊಡ್ಡ ನಾಯಿ.

"ಶಾಂತಿ," ಎಂದ ಗಸ್, ಕೈ ಬಿಡದೆ. "ಹೋದ ತಿಂಗಳು ಪಕ್ಕದೂರಿನ ಕಡೆ ಹೋಗಿದ್ರಾ?"

"ಶಾಂತಿ," ಎಂದ ವೆಂಡೆಲ್. "ಯಾಕೆ?"

"ಸುಮ್ನೆ. ಶಾಂತಿ."

ರೊಟ್ಟಿ, ದ್ರಾಕ್ಷಾರಸಗಳ ಪಂಕ್ತಿ ಮುಂದಿನ ಬೆಂಚಿನಿಂದಲೇ ಶುರುವಾಗುತ್ತದೆ ಎಂಬುದನ್ನು ವೆಂಡೆಲನಿಗೆ ಯಾರೂ ಹೇಳಿರಲಿಲ್ಲ. ಐವರೂ ಎಲ್ಲರಿಗಿಂತ ಮೊದಲು ಹೋಗಿ ಬಲಿಪೀಠದ ಕಟಕಟೆಯ ಮುಂದೆ ಮಂಡಿ ಊರಿದರು. ಕೋರಾ ಅಪ್ಪನ ಪಕ್ಕದಲ್ಲೇ. ವೆಂಡೆಲನ ಮಂಡಿಗಳಲ್ಲಿ ಎರಡು ಸಲ ಕಟಕ್ ಎಂದಿತು. ಮದರ್ ಲೂಸಿಂಡಾ ಅಂಗೈಗೆ ತೆಳ್ಳನೆಯ ರೊಟ್ಟಿ ಬಿಲ್ಲೆ ಇಟ್ಟು ಹೋದರು, ಅದೇನೋ ಸುಸೂತ್ರವಾಯಿತು. ಅವರ ಹಿಂದೆ ಬೆಳ್ಳಿ ಪಾತ್ರೆ ಹಿಡಿದು ಬಂದವಳು ಎಡ್ನಾ.

ಪಾತ್ರೆಯ ಬುಡವನ್ನು ಒಂದಿಷ್ಟು ಹಿಡಿದು ತುಟಿಗೆ ತಂದುಕೊಳ್ಳಬೇಕು. ತಂದವರು ಅದನ್ನು ಹಿಡಿದೇ ಇರುತ್ತಾರೆ. ಪದ್ಧತಿ ಇಷ್ಟೇ. ವೆಂಡೆಲನಿಗೆ ಗೊತ್ತಿದ್ದದ್ದು ಬೇರೆ: ಯಾರಾದರೂ ಲೋಟ ಚಾಚಿದರೆ ತೆಗೆದುಕೊಳ್ಳಬೇಕು. ಎರಡೂ ಕೈಯಿಂದ ತೆಗೆದುಕೊಂಡ. ಎಡ್ನಾ ಬಿಡಲಿಲ್ಲ. ಕೊಟ್ಟು ಬಿಡದವರನ್ನು ಕಂಡು ವೆಂಡೆಲನಿಗೆ ಗುಮಾನಿಯಾಯಿತು, ಎಳೆದ. ಎಳೆಯುವವನನ್ನು ಕಂಡು ಎಡ್ನಾಳಿಗೆ ಗುಮಾನಿ ಉಳಿಯಲೇ ಇಲ್ಲ, ಖಾತ್ರಿಯಾಯಿತು.

"ಬಿಡಿ," ಎಂದಳು ಹಲ್ಲು ಕಚ್ಚಿ.

"ಕೊಟ್ಟಿದ್ದು ನೀವು!"

"ಕೊಟ್ಟಿದ್ದು ಕುಡಿಯೋಕೆ, ಒಯ್ಯೋಕಲ್ಲ!"

"ಕೈಗೆ ಕೊಡದೆ ಹೆಂಗೆ ಕುಡೀಲಿ?"

"ಗಸ್! ಏ ಗಸ್!"

ಗಸ್ ಎದ್ದ. ಅವನ ನಾಯಿ ಬೊಗಳಿತು. ಅದಕ್ಕೆ ಉಳಿದ ನಾಯಿಗಳು ಸ್ವರ ಕೊಟ್ಟವು, ಬೆಕ್ಕುಗಳು ಬೆಂಚಿನಡಿ ಸೇರಿದವು, ಗಿಳಿ "ಶಾಂತಿ! ಶಾಂತಿ!" ಎಂದು ಚೀರಿತು. ಕಟಕಟೆಯ ಎರಡು ಬದಿಗೆ ಎಡ್ನಾ ಪ್ರೌಟಿ ಮತ್ತು ವೆಂಡೆಲ್ ಗ್ರಬ್, ನಡುವೆ ಬೆಳ್ಳಿ ಪಾತ್ರೆ. ಇಬ್ಬರಲ್ಲಿ ಯಾರೂ ಬಗ್ಗುವವರಲ್ಲ.

"ಎಡ್ನಾ, ಬಿಡಿ," ಎಂದರು ಮದರ್ ಲೂಸಿಂಡಾ. "ಗ್ರಬ್ ಅವರೇ, ನೀವೂ ಬಿಡಿ."

ಇಬ್ಬರೂ ಒಮ್ಮೆಲೇ ಬಿಟ್ಟರು. ಪಾತ್ರೆಯನ್ನು ಮದರ್ ಲೂಸಿಂಡಾ ಗಾಳಿಯಲ್ಲೇ ಹಿಡಿದರು. ನಾಯಿಗಳೂ ಬೊಗಳುವುದನ್ನು ನಿಲ್ಲಿಸಿದವು. ಅವರು ಬಗ್ಗಿ, ವೆಂಡೆಲನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು:

"ಮೊದಲ ಸಲ ತಗೊಳ್ತಿರೋದಾ?"

ಮೆಲ್ಲಗೇ ಕೇಳಿದ್ದರು. ಆದರೆ ಆ ಮೌನದಲ್ಲಿ ಕೊನೆಯ ಬೆಂಚಿನ ಮೊಲಕ್ಕೂ ಕೇಳಿಸಿತು. ವೆಂಡೆಲನ ಬಾಯಿ ಅಭ್ಯಾಸದಂತೆ ತೆರೆಯಿತು. ಪಕ್ಕಕ್ಕೆ ನೋಡಿದ. ಕೋರಾ ಅವನನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದಳು. ದೋಣಿಯ ದಿನವೂ ಹೀಗೇ ಮುಚ್ಚಿಕೊಂಡಿದ್ದಳು.

"ಹೌದಮ್ಮ," ಎಂದ. "ಹೋದ ವಾರ ಬಂದಿದ್ದೆ, ನೋಡ್ಕೊಂಡು ಹೋಗೋಕೆ. ಅದಕ್ಕೆ ಮುಂಚೆ ಈ ಬಾಗಿಲು ದಾಟಿದ್ದಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಹೊಳೇಲಿ ಮುಳುಗಿಸಿ ದೀಕ್ಷೆ ಕೊಡಿಸಿದ್ಳು, ಅಷ್ಟೇ. ಬೀಗರಿಗೆ ಸುಳ್ಳು ಹೇಳಿದೆ."

ಸಿಬಿಲ್ "ಓ" ಎಂದಳು. ಆ ಉದ್ಗಾರ ಮುಗಿಯುವ ಮೊದಲೇ ಅವಳ ಪಕ್ಕದಿಂದ ಆಲ್ಡನ್ನನ ದನಿ ಬಂತು.

"ನನಗೂ ಇದು ಹೇಗೆ ಹಿಡಿಯೋದು ಅಂತ ಮರೆತುಹೋಗಿದೆ. ಪ್ರೆಸ್ಟನ್‌ಗೆ ನಾಮಕರಣ ಮಾಡಿಸಿದ್ದೇ ಕೊನೆ."

"ಆಲ್ಡನ್!"

"ಏನು ಆಲ್ಡನ್? ಅವತ್ತೂ ನೀನು ಅರ್ಧದಲ್ಲೇ ಎದ್ದು ಹೋದೆ, ನೀರು ಸಿಡಿದು ಕೂದಲು ಕೆಡತ್ತೆ ಅಂತ."

ಸಿಬಿಲ್‌ಳ ಮುಖದ ಬೆಣ್ಣೆಯೆಲ್ಲ ಕರಗಿ, ಒಳಗಿದ್ದ ಸಾಧಾರಣ ಹೆಂಗಸೊಬ್ಬಳು ಹೊರಬಂದಳು. "ನಿಮ್ಮ ಮುಂದೆ ಸಣ್ಣವರಾಗಬಾರ್ದು ಅನ್ನಿಸ್ತು," ಎಂದಳು ವೆಂಡೆಲನಿಗೆ. "ಮುಂದಿನ ಬೆಂಚು ಅಂದ್ರಲ್ಲ ನೀವು. ಹೆದರಿಬಿಟ್ಟೆ."

ಎಡ್ನಾ ಒಬ್ಬಳಿಗೆ ಇನ್ನೂ ಸಮಾಧಾನವಿಲ್ಲ. "ಅದೆಲ್ಲ ಸರಿ. ಬೀರು ಮುಂದೆ ಏನು ಮಾಡ್ತಿದ್ರಿ?"

"ಹೊರಗೆ ಹೋಗೋ ಬಾಗಿಲು ಹುಡುಕ್ತಿದ್ದೆ."

"ಕಾಲುಚೀಲದೊಳಗೆ?"

ವೆಂಡೆಲ್ ಪ್ಯಾಂಟು ಮೇಲೆಳೆದು ಪರ್ಸು ತೋರಿಸಿದ. ಇಂದೂ ಅಲ್ಲೇ ಇತ್ತು. ಗಸ್ ದೂರದಿಂದಲೇ ಕತ್ತು ಚಾಚಿ ನೋಡಿ, ನಾಯಿಯನ್ನು ಕೂರಿಸಿದ. ಎಡ್ನಾ ವೆಂಡೆಲನ ಮುಖವನ್ನು ಓದಿದಳು. ಆಮೇಲೆ ಪಾತ್ರೆಯನ್ನು ಮದರ್ ಲೂಸಿಂಡಾರ ಕೈಯಿಂದ ತೆಗೆದುಕೊಂಡು ಅವನ ಮುಂದೆ ಚಾಚಿದಳು.

"ಬುಡ ಹಿಡೀರಿ. ಬುಡ ಮಾತ್ರ. ನಾನು ಬಿಡಲ್ಲ, ನೀವು ಎಳೀಬೇಡಿ. ಒಂದು ಗುಟುಕು. ಹಾಂ, ಹಾಗೆ."

ಹುಳಿಯೂ ಸಿಹಿಯೂ ಆದ ಒಂದು ಗುಟುಕು ಗಂಟಲಿಗಿಳಿಯಿತು. ಎಂಜಲಿನ ವಿಷಯ ವೆಂಡೆಲನಿಗೆ ನೆನಪಾಗಲೇ ಇಲ್ಲ.

ಎಲ್ಲ ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಕಾಫಿ. ಹೊಸಬರಾರೂ ಒಂಟಿಯಾಗಿ ನಿಲ್ಲಬಾರದೆಂಬುದು ಅಲ್ಲಿಯ ಅಘೋಷಿತ ಕಾನೂನು. ಗಿಳಿಯ ಅಜ್ಜಿ ಸಿಬಿಲ್‌ಳನ್ನು ಹಿಡಿದಿದ್ದಳು. ಆಲ್ಡನ್ ಗಸ್‌ನ ನಾಯಿಗೆ ಕದ್ದುಮುಚ್ಚಿ ಬಿಸ್ಕತ್ತು ತಿನ್ನಿಸುತ್ತಿದ್ದ. ಎಡ್ನಾ ಬಂದು ವೆಂಡೆಲನ ಕೈಗೆ ಕಾಫಿ ಕೊಟ್ಟು, ಅವನು ಅದನ್ನು ಮೂಸಿ ನೋಡುವುದನ್ನು ನೋಡಿ, "ಕಾಫಿ ಕಣ್ರೀ. ಬರೀ ಕಾಫಿ," ಎಂದು ಹೋದಳು.

ಕೋರಾ ಬಂದು ಪಕ್ಕದಲ್ಲಿ ನಿಂತಳು. ಕಣ್ಣಂಚು ಕೆಂಪಾಗಿತ್ತು, ತುಟಿ ಬಿಗಿದಿತ್ತು. ಅಳುತ್ತಾಳೋ ಬಯ್ಯುತ್ತಾಳೋ ವೆಂಡೆಲನಿಗೆ ತಿಳಿಯಲಿಲ್ಲ.

"ಕೋರ್ಟಿನಲ್ಲೇ ಮಾಡ್ಕೋತೀರಾ ಹಾಗಾದ್ರೆ?" ಎಂದು ಕೇಳಿದ, ಕಾಫಿಯನ್ನು ನೋಡುತ್ತ.

"ಇಲ್ಲೇ ಅಂತ ಮದರ್ ಲೂಸಿಂಡಾ ಹತ್ರ ಮಾತಾಡಿ ಬಂದೆ." ಅವಳು ಅವನ ತೋಳಿನ ಮೇಲಿದ್ದ ಬೆಕ್ಕಿನ ಕೂದಲು ತೆಗೆದಳು. "ಅಪ್ಪಾ, ಒಂದು ಕೇಳ್ಲಾ? ನೀನು ಒಂದ್ಸಲಾನೂ ನಿಜ ಒಪ್ಕೊಂಡಿದ್ದು ನಾನು ನೋಡಿಲ್ಲ. ಇವತ್ತು ಅಷ್ಟು ಜನರ ಮುಂದೆ ಹೇಗೆ ಹೇಳಿದೆ?"

ವೆಂಡೆಲ್ ಆಚೀಚೆ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳ ಕಿವಿಯ ಬಳಿ ಬಗ್ಗಿದ.

"ಓಡೋಣ ಅಂತಿದ್ದೆ ಕಣೆ. ಮಂಡಿ ಊರಿದ್ದೆನಲ್ಲ, ಏಳೋಕಾಗ್ಲಿಲ್ಲ."

ಕೋರಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳುಗಳ ಸಂದಿಯಿಂದ ಹೊರಬಂತು; ಆಮೇಲೆ ತಡೆಯುವ ಪ್ರಯತ್ನವನ್ನೇ ಬಿಟ್ಟು ಅವನ ಹೆಗಲಿಗೆ ಹಣೆಯೊತ್ತಿ ನಕ್ಕಳು.

"ಹಾಗಾದ್ರೆ ಮದುವೆ ದಿನ ನೀನು ಮೊದಲಿಂದ ಕೊನೇ ತನಕ ಮಂಡಿ ಊರ್ಕೊಂಡೇ ಇರ್ಬೇಕು," ಎಂದಳು.